ಹಳೇ ಬೀಟಲ್ ಗೇರ್ ಲಿವರ್ ಲೊಡಲೊಡ ಅಂತಿದ್ರೆ ಗೇರ್‌ಬಾಕ್ಸ್ ಇಳಿಸೋಕ್ ಮುಂಚೆ ಇಷ್ಟು ಮಾಡಿ

ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಕೊಂಡಿರೋರಿಗೆ ಈ ಕಾಟ ಗೊತ್ತಿರುತ್ತೆ, ಲಿವರ್ ಆಡಿಸಿದ್ರೆ ಅಂಬಲಿಲಿ ಸೌಟು ತಿರುಗಿಸ್ದಂಗೆ, ಸೆಕೆಂಡ್ ಹಾಕಕ್ಕೆ ಹೋದ್ರೆ ರಿವರ್ಸ್ ಕಡೆ ಜಾರುತ್ತೆ, ಗೇರ್‌ಬಾಕ್ಸೇ ಹೋಯ್ತು ಅಂತ ಇಂಜಿನ್ ಇಳಿಸೋಕೆ ನಿಂತ್ಬಿಡ್ತಾರೆ. ದಯವಿಟ್ಟು ತಡೀರಿ. ಇದರಲ್ಲಿ ಗೇರ್‌ಬಾಕ್ಸ್ ಹಿಂದೆ, ಲಿವರ್ ಮುಂದೆ, ನಡುವೆ ಟನಲ್ (ಕಾರಿನ ನೆಲದ ಮಧ್ಯೆ ಉದ್ದಕ್ಕೂ ಹೋಗೋ ಪೊಳ್ಳು ದಿಬ್ಬ) ಒಳಗೆ ಒಂದು ಉದ್ದನೆ ರಾಡ್. ರಾಡಿನ ಮುಂದಿನ ತುದಿ ಪ್ಲಾಸ್ಟಿಕ್ ಬುಶ್‌ನಲ್ಲಿ (ರಾಡ್ ಅಲುಗಾಡದಂಗೆ ಹಿಡಿಯೋ ಬಳೆ) ಕೂತಿರುತ್ತೆ, ಹಿಂದಿನ ತುದಿ ರಬ್ಬರ್ ಹಾಕಿರೋ ಕಪ್ಲಿಂಗ್ ಮೂಲಕ ಗೇರ್‌ಬಾಕ್ಸಿಗೆ ಸೇರುತ್ತೆ. ಮೊದ್ಲು ಸವೆಯೋದು ಇವೆರಡೇ. ಬದಲಾಯಿಸಿದ್ರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ.

ನ್ಯೂಟ್ರಲ್‌ಗೆ ಹಾಕಿ ಹಿಂದಿನ ಸೀಟು ಎತ್ತಿ. ಬ್ಯಾಟರಿ ಅಲ್ಲೇ ಬಲಗಡೆ ಇರುತ್ತೆ, ಫಸ್ಟು ನೆಗೆಟಿವ್ ತೆಗೀರಿ. ಅದಕ್ಕೆ ಮುಚ್ಚಳ ಇಲ್ದಿದ್ರೆ ಇವತ್ತೇ ಒಂದು ಮಾಡ್ಸಿ, ಯಾಕಂದ್ರೆ ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಗುಲಿ ಬೆಂಕಿ ಹತ್ತಿರೋ ಬೀಟಲ್‌ಗಳಿವೆ. ಟನಲ್ ಮೇಲಿನ ಸಣ್ಣ ತಗಡು ಬಿಚ್ಚಿದ್ರೆ ಕಪ್ಲಿಂಗ್ ಕಾಣುತ್ತೆ, ಚೌಕ ತಲೆಯ ಸ್ಕ್ರೂಗೆ ತಂತಿ ಸುತ್ತಿರುತ್ತೆ, ತಂತಿ ಕಟ್ ಮಾಡಿ ಸ್ಕ್ರೂ ಬಿಚ್ಚಿ ಕಪ್ಲಿಂಗ್ ಹೊರಗೆ ತಗೊಳ್ಳಿ.

ಈಗ ಮುಂದೆ ಬನ್ನಿ. ಲಿವರ್ ಬುಡದಲ್ಲಿ 13 ಎಂಎಂ ಸ್ಪ್ಯಾನರ್ ಹಿಡಿಯೋ ಎರಡು ಬೋಲ್ಟ್, ಬಿಚ್ಚೋಕ್ ಮುಂಚೆ ಪ್ಲೇಟ್ ಎಲ್ಲಿ ಕೂತಿದೆ ಅಂತ ಮೊಳೆಯಿಂದ ಗೀಚಿ ಗುರುತು ಮಾಡ್ಕೊಳ್ಳಿ, ಇದನ್ನ ಮರೆತ್ರೆ ಆಮೇಲೆ ಸೆಟ್ಟಿಂಗ್ ಹುಡುಕ್ತಾ ಅರ್ಧ ದಿನ ಹೋಗುತ್ತೆ. ಲಿವರ್, ಸ್ಪ್ರಿಂಗ್, ಸ್ಟಾಪ್ ಪ್ಲೇಟ್ (ಲಿವರ್ ರಿವರ್ಸ್ ಕಡೆ ಜಾರದಂಗೆ ತಡೆಯೋ ತಗಡು) ಬಂದ ಕ್ರಮದಲ್ಲೇ ಪೇಪರ್ ಮೇಲೆ ಜೋಡಿಸಿಡಿ.

ಆ ತೂತಲ್ಲಿ ಟಾರ್ಚ್ ಬಿಟ್ಟು ಮುಂದಕ್ಕೆ ನೋಡಿದ್ರೆ ಬುಶ್ ಕಾಣುತ್ತೆ. ನಮ್ಮ ಕಾರಲ್ಲಿ ಬುಶ್ ಅನ್ನೋದು ಉಳಿದೇ ಇರ್ಲಿಲ್ಲ, ಕಪ್ಪು ಗ್ರೀಸಲ್ಲಿ ನಾಲ್ಕು ಚೂರು ಮತ್ತೆ ಒಂದು ತಂತಿ ರಿಂಗ್ ಅಷ್ಟೇ. ರಾಡನ್ನ ದೊಡ್ಡ ಸ್ಕ್ರೂಡ್ರೈವರಿಂದ ಮೀಟಿ ಹಿಂದಕ್ಕೆ ಸರಿಸಿ, ಬುಶ್‌ನಿಂದ ತುದಿ ಹೊರಗೆ ಬರೋವರೆಗೆ. ಹೊಸ ಬುಶ್ ಒತ್ತಿ ಕೂರಿಸಿ, ರಿಂಗ್ ಏರಿಸಿ, ಒಳಗಡೆ ಧಾರಾಳವಾಗಿ ಗ್ರೀಸ್ ಹಚ್ಚಿ ರಾಡ್ ವಾಪಸ್ ತಳ್ಳಿ. ರಿಂಗಿಗೆ ಮೊದ್ಲೇ ಒಂದು ದಾರ ಕಟ್ಟಿ, ಟನಲ್ ಒಳಗೆ ಬಿದ್ರೆ ಎಳ್ಕೋಬಹುದು, ಕೆಲಸ ಮುಗಿದ್ಮೇಲೆ ದಾರ ಕತ್ತರಿಸಿ ತೆಗೀರಿ. ಪೆಟ್ರೋಲ್ ಪೈಪೂ ಇದೇ ಟನಲ್‌ನಲ್ಲಿ ಹೋಗುತ್ತೆ, ಹಾಗಾಗಿ ಒಳಗೆ ಚೂಪಾದ್ದು ಹಾಕಿ ಕೆದಕ್ಬೇಡಿ, ಬೀಡಿ ಸಿಗರೇಟು ದೂರ ಇರ್ಲಿ.

ಹೊಸ ಕಪ್ಲಿಂಗ್ ಹಾಕುವಾಗ ಗಮನ ಕೊಡಿ, ಸ್ಕ್ರೂ ತುದಿ ಗೇರ್‌ಬಾಕ್ಸ್ ಕಡೆ ರಾಡಲ್ಲಿರೋ ಗುಳಿಯೊಳಗೇ ಇಳೀಬೇಕು. ಪಕ್ಕದಲ್ಲಿ ಕೂತ್ರೆ ಟೈಟ್ ಆದಂಗೇ ಅನ್ಸುತ್ತೆ, ರೋಡಲ್ಲಿ ಸಡಿಲ ಆದ್ರೆ ಒಂದು ಗೇರೂ ಸಿಗಲ್ಲ. ಹೊಸ ತಂತಿ ಸುತ್ತದೆ ತಗಡು ಮುಚ್ಚಲೇಬೇಡಿ.

ಸ್ಟಾಪ್ ಪ್ಲೇಟ್ ಹಾಕುವಾಗ ಎದ್ದಿರೋ ಅಂಚು ಕಾರಿನ ಬಲಕ್ಕೆ ಇರ್ಲಿ. ಲಿವರ್ ಎಡಕ್ಕೆ ಬಾಗಿದ್ರೆ ಅದರ ಕಾಲು ಬಲಕ್ಕೆ ಹೋಗುತ್ತಲ್ಲ, ಆ ಅಂಚು ಅದನ್ನ ತಡೀಬೇಕು, ಲಿವರ್ ಕೆಳಕ್ಕೆ ಒತ್ತಿದಾಗ ಮಾತ್ರ ರಿವರ್ಸ್ ಬೀಳ್ಬೇಕು. ಲಿವರ್ ಬುಡದ ಗುಂಡಗಿರೋ ತುದಿಗೆ ಗ್ರೀಸ್ ಹಚ್ಚಿ ಗುರುತಿಗೆ ಸರಿಯಾಗಿ ಬೋಲ್ಟ್ ಹಾಕಿ. ಇಂಜಿನ್ ಆಫ್ ಇರ್ಲಿ, ಕ್ಲಚ್ ಒತ್ತಿ ನಾಲ್ಕೂ ಗೇರ್ ಹಾಕಿ ನೋಡಿ, ಲಿವರ್ ಕೆಳಕ್ಕೆ ಒತ್ತದೇನೇ ರಿವರ್ಸ್‌ಗೆ ಹೋಗ್ತಿದ್ರೆ ಬೋಲ್ಟ್ ಸ್ವಲ್ಪ ಸಡಿಲಿಸಿ ಪ್ಲೇಟನ್ನ ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡಿ. ಎರಡ್ಮೂರು ಸಲ ಮಾಡ್ಬೇಕಾಗುತ್ತೆ. ಸರಿ ಆದಾಗ ಸೆಕೆಂಡ್ ಗೇರ್ ಕಟ್ ಅಂತ ಕೂರೋದು ಅಂಗೈಗೇ ಗೊತ್ತಾಗುತ್ತೆ.