ವಿವಾದದ ಚಿತ್ರಕ್ಕೆ ಎಷ್ಟು ಜನ ಬಂದಾರು: ಮಡಿಕೇರಿಯಲ್ಲಿ ನಾನು ಹಾಕಿದ ಲೆಕ್ಕ

2019ರ ನವೆಂಬರ್‌ನಲ್ಲಿ, ಸಾಮಾಜಿಕ ಬಹಿಷ್ಕಾರದ ಕಥೆಯುಳ್ಳ ಕನ್ನಡ ಚಿತ್ರವೊಂದನ್ನು ಮಡಿಕೇರಿಯ ನಮ್ಮ ಚಿತ್ರಮಂದಿರಕ್ಕೆ ತರಬೇಕೇ ಬೇಡವೇ ಎಂದು ನನಗೂ ಪಾಲುದಾರರಾದ ನನ್ನ ಸೋದರಮಾವನವರಿಗೂ ನಾಲ್ಕು ಸಂಜೆ ವಾದ ನಡೆಯಿತು. ಚಿತ್ರ ರಾಜ್ಯದಲ್ಲಿ ಬೆರಳೆಣಿಕೆಯ ಕಡೆ ಮಾತ್ರ ತೆರೆಕಂಡಿತ್ತು. ಅದನ್ನು ನಿಲ್ಲಿಸಬೇಕೆಂಬ ಕೂಗು ಟಿ.ವಿ.ಯಲ್ಲಿ ದಿನವೂ ಕೇಳಿಬರುತ್ತಿತ್ತು. “ಇಷ್ಟು ಗಲಾಟೆ ಆಗಿದೆ, ಬೆಂಗಳೂರಿನಲ್ಲಿ ಹೌಸ್‌ಫುಲ್ ಬೋರ್ಡ್ ಇಳಿದಿಲ್ಲ. ಮೂರೇ ದಿನದಲ್ಲಿ ಹಾಕಿದ ಹಣ ವಾಪಸ್ ಬರುತ್ತೆ ನೋಡು” ಎನ್ನುವುದು ಮಾವನವರ ವಾದ.

“ಮಾವ, ಕಡಿಮೆ ಪರದೆಗಳಿರುವುದರಿಂದಲೇ ಅಲ್ಲಿ ತುಂಬುತ್ತಿದೆ” ಎಂದೆ. 2005ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ, ಇಬ್ಬರು ಗಂಡಸರ ಪ್ರೇಮಕಥೆಯಿಂದ ವಿವಾದಕ್ಕೊಳಗಾದ ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರ ಕೇವಲ 5 ಚಿತ್ರಮಂದಿರಗಳಲ್ಲಿ ತೆರೆಕಂಡು, ಮೊದಲ ವಾರಾಂತ್ಯದಲ್ಲಿ ಸುಮಾರು 5.47 ಲಕ್ಷ ಡಾಲರ್, ಅಂದರೆ ಒಂದೊಂದರಲ್ಲೂ ಲಕ್ಷಕ್ಕೂ ಹೆಚ್ಚು ಗಳಿಸಿತು. ಅದರ ವಿತರಕರು ಆ ಸರಾಸರಿಯನ್ನು ನಂಬಿ ಒಮ್ಮೆಲೇ ಊರೂರಿಗೆ ಹೋಗಲಿಲ್ಲ. ವಾರ ವಾರವೂ ಜನರ ಮಾತು ಹಬ್ಬಿದಷ್ಟೇ ಪರದೆಗಳನ್ನು ಹೆಚ್ಚಿಸುತ್ತ 2,000 ದಾಟಿದರು, ಆ ದೇಶವೊಂದರಲ್ಲೇ ಗಳಿಕೆ 8.3 ಕೋಟಿ ಡಾಲರ್ ಮುಟ್ಟಿತು.

ಇತ್ತ ನಮ್ಮ ಚಿತ್ರದ ಹಂಚಿಕೆದಾರರು (ವಿತರಕರು) ವಾರಕ್ಕೆ 1,20,000 ರೂಪಾಯಿ ಬಾಡಿಗೆಯನ್ನು ಮುಂಗಡವಾಗಿ ಕೇಳಿದ್ದರು. ನಾಲ್ಕು ಷೋಗಳ ಖರ್ಚು ದಿನಕ್ಕೆ 6,000. 80 ರೂಪಾಯಿಯ ಟಿಕೆಟ್‌ನಲ್ಲಿ ಆಗಿನ ಶೇ. 12ರ ಜಿ.ಎಸ್‌.ಟಿ. ಕಳೆದರೆ ಉಳಿಯುತ್ತಿದ್ದುದು 71 ಚಿಲ್ಲರೆ. ಅಸಲು ಹುಟ್ಟಲು ವಾರವಿಡೀ ಪ್ರತಿ ಷೋಗೂ 81 ಮಂದಿ ಬರಲೇಬೇಕಿತ್ತು. 320 ಸೀಟಿನ ಚಿತ್ರಮಂದಿರಕ್ಕೆ ಇದು ಅಲ್ಪವೆಂದು ಮಾವನವರಿಗೆ ಕಂಡಿತು. ನಾನು ಹಳೆಯ ಟಿಕೆಟ್ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗಿನ ಆಟಕ್ಕೆ ಇಪ್ಪತ್ತು ಜನ ದಾಟಿದ್ದು ಅಪರೂಪ. ತೋಟದ ಕಾರ್ಮಿಕರು ಬರುವುದು ಬಟವಾಡೆಯ ನಂತರ. ಸೆಕೆಂಡ್ ಷೋ ಬಿಡುವ ಹೊತ್ತಿಗೆ ಹಳ್ಳಿಗಳ ಕಡೆಗೆ ಬಸ್ಸಿಲ್ಲ, ದಾರಿಯಲ್ಲಿ ಆನೆಗಳ ಭಯ. ಶುಕ್ರವಾರದ ಮ್ಯಾಟಿನಿ ಮಾತ್ರ, ಸಂತೆಯ ದಿನವಾದ್ದರಿಂದ, ಪ್ರತಿ ಪುಸ್ತಕದಲ್ಲೂ ಚೆನ್ನಾಗಿತ್ತು. ಚಿತ್ರದ ಬಗ್ಗೆ ಜಗಳವಾಡುತ್ತಿದ್ದ ಹುಡುಗರಲ್ಲಿ ಅನೇಕರು ಆಗಲೇ ಮೈಸೂರಿಗೆ ಹೋಗಿ ನೋಡಿ ಬಂದಿದ್ದರು.

ಬಾಡಿಗೆಯನ್ನು ಬಿಟ್ಟು ಗಳಿಕೆಯಲ್ಲಿ ಶೇ. 50ರ ಪಾಲಿನ ಮೇಲೆ, ಮ್ಯಾಟಿನಿ ಮತ್ತು ಫಸ್ಟ್ ಷೋ ಎರಡನ್ನೇ ಕೇಳಿದೆ. ಹಂಚಿಕೆದಾರರು ಎರಡು ದಿನ ತಡೆದು ಒಪ್ಪಿದರು. ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಕ್ಕೆ ರಕ್ಷಣೆ ಕೊಡುವುದು ರಾಜ್ಯಗಳ ಹೊಣೆಯೆಂದು ‘ಪದ್ಮಾವತ್’ ಪ್ರಕರಣದಲ್ಲಿ 2018ರ ಜನವರಿ 18ರಂದು ಸುಪ್ರೀಂ ಕೋರ್ಟ್ ಹೇಳಿದ್ದನ್ನು ಉಲ್ಲೇಖಿಸಿ ಪೊಲೀಸರಿಗೆ ಪತ್ರ ಬರೆದೆ. ಗಲಾಟೆಯೇನೂ ಆಗಲಿಲ್ಲ.

ಶುಕ್ರವಾರದ ಮ್ಯಾಟಿನಿಗೆ 214 ಜನ. ಸೋಮವಾರ ಎರಡೂ ಆಟ ಸೇರಿ 97. ವಾರಕ್ಕೆ 1,310 ಟಿಕೆಟ್ ಹೋಗಿ, ಹಂಚಿಕೆದಾರರ ಪಾಲೂ ಖರ್ಚೂ ಕಳೆದು 22,000 ರೂಪಾಯಿ ಉಳಿಯಿತು. ಬಾಡಿಗೆ ಕೊಟ್ಟು ತಂದಿದ್ದರೆ ಕೈಯಿಂದಲೇ ಹಾಕಬೇಕಾಗುತ್ತಿತ್ತು. ಆದರೆ ಭಾನುವಾರದ ಜನವನ್ನು ನಾನು ಕಡಿಮೆ ಎಣಿಸಿದ್ದೆ. ಆ ಮಾತಿನಲ್ಲಿ ಮಾವನವರೇ ಸರಿ. ಅಂದು ಫಸ್ಟ್ ಷೋ ತುಂಬಿ, ಮಕ್ಕಳೊಂದಿಗೆ ಬಂದ ಸುಮಾರು 40 ಜನ ಗೇಟಿನ ಹೊರಗೆ ಚಳಿಯಲ್ಲಿ ನಿಂತಿದ್ದರು. ಇನ್ನೊಂದು ಆಟ ಹಾಕೋಣವೆಂದರೆ ನಮಗೆ ಬಂದಿದ್ದ ಡಿಜಿಟಲ್ ಪರವಾನಗಿ ಎರಡು ಷೋಗಳಿಗಷ್ಟೇ ಸೀಮಿತವಾಗಿತ್ತು. ಅವರನ್ನು ವಾಪಸ್ ಕಳಿಸಿದ ನೋವು ಇಂದಿಗೂ ಇದೆ. ಅಂದಿನಿಂದ, ಭಾನುವಾರಕ್ಕೆ ಮೂರನೆಯ ಷೋದ ಅನುಮತಿಯನ್ನು ಮೊದಲೇ ಕರಾರಿನಲ್ಲಿ ಬರೆಸದೆ ನಾನು ಸಹಿ ಹಾಕುವುದಿಲ್ಲ.