ಸಿಆರ್‌ಟಿಗೆ ಯಾರನ್ನು ಕಳಿಸಬೇಕು?

'ಸಾರ್, ಪಂಪಿಂಗ್ 30 ಇದೆ, ಸಿಆರ್‌ಟಿಗೆ ಕಳಿಸಲಾ?' ಹಾಸನದ ಸುತ್ತಲಿನ ತಾಲ್ಲೂಕುಗಳಿಂದ ಕಿರಿಯ ಡಾಕ್ಟರುಗಳು ಫೋನ್ ಮಾಡಿ ಕೇಳುತ್ತಾರೆ. ಪಂಪಿಂಗ್ ಅಂದರೆ ಇಎಫ್, ಹೃದಯದ ಎಡ ಕೋಣೆ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟು ಹೊರಹಾಕುತ್ತದೆ ಎಂಬುದು. ಸಿಆರ್‌ಟಿ ಅಂದರೆ ಹೃದಯ ವೈಫಲ್ಯದವರಿಗೆ ಹಾಕುವ ವಿಶೇಷ ಪೇಸ್‌ಮೇಕರ್. ನಾನು ಕೇಳುವುದು ಒಂದೇ: ಕ್ಯೂಆರ್‌ಎಸ್, ಅಂದರೆ ಕೆಳ ಕೋಣೆಗಳಿಗೆ ವಿದ್ಯುತ್ ಹರಡುವಾಗ ಇಸಿಜಿಯಲ್ಲಿ ಮೂಡುವ ಅಲೆಯ ಅಗಲ, ಎಷ್ಟಿದೆ?

ಎಡ ಕೋಣೆಯ ಒಂದು ಗೋಡೆ ಮೊದಲು, ಇನ್ನೊಂದು ತಡವಾಗಿ ಹಿಂಡಿದರೆ ರಕ್ತ ಸರಿಯಾಗಿ ಹೊರಗೆ ಹೋಗಲ್ಲ. ಸಿಆರ್‌ಟಿ ಪೇಸ್‌ಮೇಕರ್ ಎರಡನ್ನೂ ಜೊತೆಗೂಡಿಸುತ್ತದೆ. ಹೊಂದಾಣಿಕೆ ತಪ್ಪದೆ ಇರುವವರಿಗೆ ಅದರಿಂದ ಏನು ಪ್ರಯೋಜನ? ಹಾಗಾಗಿ ಎಕೋ ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಇಸಿಜಿ ಹಿಡಿಯಿರಿ.

ಪೇಪರ್ ಸೆಕೆಂಡಿಗೆ 25 ಮಿಲಿಮೀಟರ್ ಓಡಿದ್ದರೆ ಒಂದು ಚಿಕ್ಕ ಚೌಕ 40 ಮಿಲಿಸೆಕೆಂಡ್. ಇಸಿಜಿಯ ಹನ್ನೆರಡು ಗೆರೆಗಳಲ್ಲಿ, ಅಂದರೆ ಲೀಡ್‌ಗಳಲ್ಲಿ, ಕ್ಯೂಆರ್‌ಎಸ್ ಅತಿ ಅಗಲವಾಗಿ ಕಾಣುವುದರಲ್ಲಿ ಎಣಿಸಿ. ನಾಲ್ಕು ಚೌಕ ತುಂಬಿದರೆ 150 ಮಿಲಿಸೆಕೆಂಡ್ ದಾಟಿತು. ಮೆಷಿನ್ ಬರೆದ ಅಂಕಿಯನ್ನೂ ನೋಡಿ, ಆದರೆ ಸುಮ್ನೆ ನಂಬಬೇಡಿ. ಆಮೇಲೆ ಆಕಾರ. ವಿ1 ಲೀಡ್‌ನಲ್ಲಿ ಅಗಲವಾಗಿ ಕೆಳಗಿಳಿದ ಅಲೆ, ಲೀಡ್ 1 ಮತ್ತು ವಿ6ರಲ್ಲಿ ಕ್ಯೂ ಎಂಬ ಮೊದಲ ಕೆಳ ಅಲೆ ಇಲ್ಲದೆ ಮೇಲೆದ್ದು ತುದಿಯಲ್ಲಿ ಕಚ್ಚು ಬಿದ್ದ ಅಲೆ ಇದ್ದರೆ ಅದು ಎಡ ಬಂಡಲ್ ಬ್ಲಾಕ್, ಅಂದರೆ ಎಡ ಕೋಣೆಗೆ ವಿದ್ಯುತ್ ಒಯ್ಯುವ ದಾರಿಯಲ್ಲಿ ತಡೆ. ಇದರ ಜೊತೆ ಸೈನಸ್ ಲಯ (ಹೃದಯದ ಸಹಜ ಲಯ), ಇಎಫ್ ಶೇ. 35 ಅಥವಾ ಅದಕ್ಕಿಂತ ಕಡಿಮೆ, ಮಾತ್ರೆ ತಗೊಂಡರೂ ಏದುಸಿರು ಇದ್ದರೆ ತಡಮಾಡಬೇಡಿ. ಇವರಿಗೇ ಲಾಭ ಜಾಸ್ತಿ.

ಎಡ ಬ್ಲಾಕ್ ಇದ್ದು ಕ್ಯೂಆರ್‌ಎಸ್ 130ರಿಂದ 149 ಇದ್ದರೂ ಕಳಿಸಬಹುದು. ಬೇರೆ ಆಕಾರವಾದರೆ ಕನಿಷ್ಠ 150 ಇರಬೇಕು. 130ಕ್ಕಿಂತ ಕಡಿಮೆ ಇದ್ದರೆ ಬೇಡ. 2013ರ ಎಕೋಸಿಆರ್‌ಟಿ ಅಧ್ಯಯನದಲ್ಲಿ ಅಂಥವರಿಗೆ ಲಾಭವಾಗಲಿಲ್ಲ, ಸಾವೇ ಹೆಚ್ಚಾಯಿತು. ಹಾರ್ಟ್ ಬ್ಲಾಕ್‌ಗಾಗಿ (ರಕ್ತನಾಳದ್ದಲ್ಲ, ಮೇಲಿನ ಕೋಣೆಯಿಂದ ಕೆಳಗೆ ವಿದ್ಯುತ್ ಇಳಿಯದ ತಡೆ) ಹೇಗೂ ಪೇಸ್‌ಮೇಕರ್ ಬೇಕಾದವರ ಲೆಕ್ಕ ಬೇರೆ.

ಔಷಧಿಗೆ ಕನಿಷ್ಠ ಮೂರು ತಿಂಗಳು ಕೊಡಿ. ಹೃದಯ ವೈಫಲ್ಯದ ನಾಲ್ಕೂ ಗುಂಪಿನ ಮಾತ್ರೆಗಳು, ತಡೆದುಕೊಳ್ಳುವಷ್ಟು ಪೂರ್ತಿ ಡೋಸ್. ಚೀಟಿ ನೋಡಿದರೆ ಸಾಲದು, ಮಾತ್ರೆಯ ಖಾಲಿ ಶೀಟುಗಳನ್ನು ತರಲು ಹೇಳಿ. ದುಡ್ಡು ಸಾಲದೆ ಅರ್ಧ ಮಾತ್ರೆ ನುಂಗುವವರು ನಮ್ಮಲ್ಲಿ ಬಹಳ ಜನ. ಅವರಿಗೆ ಮೊದಲು ಬೇಕಾದದ್ದು ಮಾತ್ರೆ.

'ದಮ್ಮು ಬರುತ್ತಾ?' ಎಂದರೆ ಸಕಲೇಶಪುರದ ಕಡೆಯವರು 'ಏನಿಲ್ಲ ಸಾರ್' ಅಂತಾರೆ. ತೋಟದ ಏರು ಹತ್ತುವುದನ್ನೇ ಬಿಟ್ಟಿರುತ್ತಾರೆ, ಅಲ್ವಾ! ಹೋದ ಕಾಫಿ ಕುಯ್ಲಿಗೆ ಎಲ್ಲಿವರೆಗೆ ಹತ್ತಿದ್ದರು, ಈಗ ಎಲ್ಲಿ ನಿಲ್ಲುತ್ತಾರೆ ಎಂದು ಮನೆಯವರನ್ನು ಕೇಳಿ.

ನಾಡಿ ಏರುಪೇರಾಗಿದ್ದರೆ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ, ಅದನ್ನು ಕಾಗದದಲ್ಲಿ ಎದ್ದು ಕಾಣುವಂತೆ ಬರೆಯಿರಿ. ಹೆಚ್ಚುಕಡಿಮೆ ಪ್ರತಿ ಬಡಿತವೂ ಪೇಸ್‌ಮೇಕರ್‌ನಿಂದಲೇ ಬರದಿದ್ದರೆ ಸಿಆರ್‌ಟಿಯ ಫಲ ಸಿಗಲ್ಲ. ಬೆಂಗಳೂರಿಗೋ ಮೈಸೂರಿಗೋ ಕಳಿಸುವಾಗ ಮೂಲ ಇಸಿಜಿಯನ್ನೇ ಲಗತ್ತಿಸಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಿಂಗಳಿಂದ ಎಂಬುದೂ ಅದರ ಜೊತೆಗಿರಲಿ.