ಬಹಳ ದಿನ ಮುಚ್ಚಿದ್ದ ಶವರ್ ತಿರುಗಿಸುವ ಮುಂಚೆ

ನೀರಿನಿಂದ ಬರುವ ಕಾಯಿಲೆ ಅಂದರೆ ಮೊದಲು ನೆನಪಾಗುವುದು ವಾಂತಿ, ಭೇದಿ, ಟೈಫಾಯ್ಡ್. ಆದರೆ ಹೊಟ್ಟೆಯ ತಂಟೆಗೇ ಹೋಗದೆ ನೇರ ಶ್ವಾಸಕೋಶಕ್ಕೆ ಇಳಿಯುವ ಬ್ಯಾಕ್ಟೀರಿಯಾಗಳೂ ನೀರಿನಲ್ಲಿವೆ. ಹೆಚ್ಚು ಹೆಸರು ಕೇಳಿಬರುವುದು ಲೀಜಿಯೊನೆಲ್ಲಾ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶಕ್ಕೆ ಹೋದವರು ಒಬ್ಬರಾದ ಮೇಲೊಬ್ಬರು ನ್ಯುಮೋನಿಯಾದಿಂದ ಮಲಗಿದರು. ಕಾರಣ ಈ ಬ್ಯಾಕ್ಟೀರಿಯಾ ಅಂತ ಗೊತ್ತಾಗಿದ್ದು ಮುಂದಿನ ಜನವರಿಯಲ್ಲಿ. ಹೆಸರೂ ಅಲ್ಲಿಂದಲೇ ಬಂತು.

ಲೀಜಿಯೊನೆಲ್ಲಾ ಇರುವ ನೀರನ್ನು ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನೆತ್ತಿಗೆ ಹತ್ತಿ ಉಸಿರಿನ ದಾರಿಗೆ ಹೋದರೆ ಮಾತ್ರ ಬೇರೆ ಮಾತು. ತೊಂದರೆ ಇರುವುದು ತುಂತುರಿನಲ್ಲಿ. ದೊಡ್ಡ ಹನಿಗಳು ಮೂಗು, ಗಂಟಲಲ್ಲೇ ನಿಂತುಬಿಡುತ್ತವೆ. 5 ಮೈಕ್ರಾನ್‌ಗಿಂತ ಚಿಕ್ಕ ಹನಿಗಳು ಕಣ್ಣಿಗೆ ಕಾಣದೆ ತೇಲುತ್ತಾ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗುತ್ತವೆ.

ಅಲ್ಲಿ ನಡೆಯುವುದು ಮಜವಾಗಿದೆ, ಸ್ವಲ್ಪ ಭಯವೂ ಆಗುತ್ತದೆ. ಪೈಪಿನ ಒಳಗೆ ಅಮೀಬಾ ಈ ಬ್ಯಾಕ್ಟೀರಿಯಾವನ್ನು ನುಂಗುತ್ತದೆ, ಆದರೆ ಜೀರ್ಣ ಮಾಡಿಕೊಳ್ಳಲು ಆಗುವುದಿಲ್ಲ. ನುಂಗಿಸಿಕೊಂಡದ್ದು ಒಳಗೇ ಸಂಸಾರ ಹೂಡಿ, ಕೊನೆಗೆ ಅಮೀಬಾವನ್ನೇ ಒಡೆದು ಹೊರಗೆ ಬರುತ್ತದೆ. ನಮ್ಮ ಶ್ವಾಸಕೋಶದಲ್ಲಿ ಕಸ ನುಂಗುವ ಕಾವಲು ಕೋಶಗಳಿವೆಯಲ್ಲ, ಅವುಗಳ ಮೇಲೂ ಇದೇ ಆಟ.

ನೀವು ಒಮ್ಮೆ ಹಳೇ ಶವರ್ ತಲೆಯನ್ನು ಬಿಚ್ಚಿ ಒಳಗೆ ಬೆರಳಾಡಿಸಿ. ಜಾರುವ ಲೋಳೆ ಸಿಗುತ್ತದೆ, ಬೆಳಕಿಗೆ ಹಿಡಿದರೆ ಕಂದು ಅಥವಾ ಕಪ್ಪು ಬಣ್ಣ. ಇಂಥ ಲೋಳೆಯೇ ಇವುಗಳ ಮನೆ, ಕ್ಲೋರಿನ್ ಕೂಡ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಶವರ್ ತಲೆಯನ್ನು ವಿನಿಗರ್‌ನಲ್ಲಿ ನೆನೆಹಾಕಿದರೆ ಬಿಳಿ ಉಪ್ಪಿನ ಪದರ ಕರಗುತ್ತದೆ, ಲೋಳೆ ಹೋಗಬೇಕಾದರೆ ಬ್ರಷ್ ಹಾಕಿ ಉಜ್ಜಲೇಬೇಕು. ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಮನೆ ಒಂದೆರಡು ವಾರ ಬೀಗ ಹಾಕಿತ್ತಾ? ಬಂದ ತಕ್ಷಣ ಶವರ್ ಕೆಳಗೆ ನಿಲ್ಲಬೇಡಿ. ಕಿಟಕಿ ತೆಗೆಯಿರಿ. ಕೈಯಲ್ಲಿ ಹಿಡಿಯುವ ಶವರ್ ಆದರೆ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ, ಗೋಡೆಯದಾದರೆ ಪ್ಲಾಸ್ಟಿಕ್ ಚೀಲ ಕಟ್ಟಿ ಒಂದು ಮೂಲೆ ಕತ್ತರಿಸಿ, ಆಮೇಲೆ ನಲ್ಲಿ ತಿರುಗಿಸಿ ಐದು ನಿಮಿಷ ನೀರು ಹರಿಯಲು ಬಿಡಿ, ಅಷ್ಟು ಹೊತ್ತು ನೀವು ಹೊರಗಿರಿ. ತಣ್ಣೀರು, ಬಿಸಿನೀರು ಎರಡನ್ನೂ ಬಿಡಿ. ಯಾರೂ ಬಳಸದ ಬಾತ್‌ರೂಮ್ ಇದ್ದರೆ ವಾರಕ್ಕೊಮ್ಮೆ ಇದೇ ಕೆಲಸ.

ಗೀಸರ್ ವಿಷಯಕ್ಕೆ ಬಂದರೆ, ಕರೆಂಟ್ ಉಳಿಸೋಣ ಅಂತ 40 ಡಿಗ್ರಿಗೆ ಇಟ್ಟು ದಿನಗಟ್ಟಲೆ ಬಿಡುವವರಿದ್ದಾರೆ. ಲೀಜಿಯೊನೆಲ್ಲಾಗೆ ಅದಕ್ಕಿಂತ ಒಳ್ಳೆಯ ಉಪಚಾರ ಇಲ್ಲ. 20ರಿಂದ 45 ಡಿಗ್ರಿಯ ನಡುವೆ ಅದು ಬೆಳೆಯುತ್ತದೆ, 20ರ ಕೆಳಗೆ ಸುಮ್ಮನೆ ಕೂತಿರುತ್ತದೆ, 60ರ ಹತ್ತಿರ ಸಾಯತೊಡಗುತ್ತದೆ. ಟ್ಯಾಂಕಿನಲ್ಲಿ 60 ಇರಲಿ. ಆದರೆ ಆ ನೀರು ಚರ್ಮ ಸುಡುತ್ತದೆ, ತಣ್ಣೀರು ಬೆರೆಸದೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ನನ್ನ ಪ್ರಕಾರ ಜನ ಅತಿ ಅಸಡ್ಡೆ ಮಾಡುವುದು ಹ್ಯೂಮಿಡಿಫೈಯರ್ (ಕೋಣೆಯ ಗಾಳಿಗೆ ತೇವ ಸೇರಿಸುವ ಯಂತ್ರ) ಮತ್ತು ನೆಬ್ಯುಲೈಸರ್ (ಔಷಧಿಯನ್ನು ಉಸಿರಾಡಲು ಮಂಜಿನಂತೆ ಮಾಡುವ ಯಂತ್ರ) ವಿಷಯದಲ್ಲಿ. ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ನೀರನ್ನು ಕುದಿಸುವುದಿಲ್ಲ, ಒಳಗಿರುವುದನ್ನೆಲ್ಲ ಹಾಗೇ ಗಾಳಿಗೆ ಊದುತ್ತದೆ. ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರು ಹಾಕಿ, ದಿನಾ ಚೆಲ್ಲಿ ಒಣಗಿಸಿ. ನೆಬ್ಯುಲೈಸರ್‌ಗಂತೂ ನಲ್ಲಿ ನೀರು ಬೇಡವೇ ಬೇಡ, ಔಷಧಿ ತೆಳುಮಾಡಲು ಸ್ಟೆರೈಲ್ ಸಲೈನ್ ಮಾತ್ರ. ಅಂದಹಾಗೆ, ಅಡುಗೆಮನೆಯ ಫಿಲ್ಟರ್ ಬಾತ್‌ರೂಮಿನ ತುಂತುರಿಗೆ ಏನೂ ಮಾಡುವುದಿಲ್ಲ.

50 ದಾಟಿದವರು, ಸಿಗರೇಟು ಸೇದುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಜಾಸ್ತಿ ಹುಷಾರಾಗಿರಬೇಕು. ತುಂತುರು ಉಸಿರಿನೊಳಗೆ ಹೋದ ಮೇಲೆ ಸಾಮಾನ್ಯವಾಗಿ 2ರಿಂದ 14 ದಿನದೊಳಗೆ ಜೋರು ಜ್ವರ, ಕೆಮ್ಮು, ಏದುಸಿರು, ಮೈಕೈ ನೋವು ಬರುತ್ತದೆ. ಕೆಲವರಿಗೆ ಭೇದಿ, ತಲೆ ಮಂಕಾಗುವುದೂ ಉಂಟು. ಡಾಕ್ಟರ ಹತ್ತಿರ ಹೋದಾಗ ಎಲ್ಲಿ ತಂಗಿದ್ದಿರಿ, ಯಾವ ಶವರ್ ಬಳಸಿದಿರಿ ಅಂತ ನೀವೇ ಬಾಯಿಬಿಟ್ಟು ಹೇಳಿ, ಯಾಕೆಂದರೆ ಅಮಾಕ್ಸಿಸಿಲಿನ್ ಇದಕ್ಕೆ ನಾಟುವುದಿಲ್ಲ, ಅಜಿತ್ರೋಮೈಸಿನ್ ಅಥವಾ ಲೀವೋಫ್ಲಾಕ್ಸಸಿನ್ ತರಹದ್ದು ಬೇಕು, ಅದನ್ನು ಅವರೇ ಬರೆಯಬೇಕು. ಮೂತ್ರ ಪರೀಕ್ಷೆ ಮುಖ್ಯವಾಗಿ ಒಂದೇ ಬಗೆಯ ಲೀಜಿಯೊನೆಲ್ಲಾವನ್ನು ಹಿಡಿಯುತ್ತದೆ. ಅದು ನೆಗೆಟಿವ್ ಬಂದರೂ ಅನುಮಾನ ಇದ್ದರೆ ಕಫದ ಪರೀಕ್ಷೆ ಬೇಕಾ ಅಂತ ಕೇಳಿ.